ಓಡಬೇಕೋ, ನಿಧಾನವಾಗಿ ನಡೆಯಬೇಕೋ? ಕೊಪ್ಪಳದ ದಾರಿಗಳಲ್ಲಿ ಒಂದು ಹೋಲಿಕೆ

ಒಂಬತ್ತು ವರ್ಷ ನಾನು ಓಡಿದೆ. ಬೆಳಗ್ಗೆ ಐದೂವರೆಗೆ ಮನೆ ಬಿಡುತ್ತಿದ್ದೆ. ಕ್ರೀಡಾಂಗಣದಲ್ಲಿ 5 ಕಿ.ಮೀ. ಆಗುವಷ್ಟು ಸುತ್ತು ಹಾಕಿ, ಏಳರೊಳಗೆ ಮನೆಗೆ ಬಂದು, ಅಡುಗೆ ಮುಗಿಸಿ ಶಾಲೆಗೆ ಹೋಗುತ್ತಿದ್ದೆ. ಮಳೆ ಬಂದರೂ ತಪ್ಪಿಸಲಿಲ್ಲ. ಈಗ ಎರಡು ವರ್ಷದಿಂದ ಲೆಕ್ಕ ಬದಲಾಗಿದೆ. ವಾರದಲ್ಲಿ ನಾಲ್ಕು ದಿನ ನಿಧಾನವಾಗಿ ನಡೆಯುತ್ತೇನೆ, ಎರಡು ದಿನ ಮಾತ್ರ ಓಡುತ್ತೇನೆ.

ಇದನ್ನು ನೋಡಿದವರು ಕೇಳುವ ಪ್ರಶ್ನೆ ಒಂದೇ. "ಅಕ್ಕೋರ, ಓಡೋದು ಬಿಟ್ಟು ನಡೆದ್ರ ಮನಸ್ಸಿಗೆ ಆರಾಮ ಆಗತೈತೇನ್ರಿ?" ಕೇಳುವವರಲ್ಲಿ ಜೊತೆಗೆ ಕೆಲಸ ಮಾಡುವ ಶಿಕ್ಷಕರಿದ್ದಾರೆ, ಮಕ್ಕಳನ್ನು ಬಿಡಲು ಬರುವ ತಾಯಂದಿರಿದ್ದಾರೆ. ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಉತ್ತರ ಹೇಳಿ ಕಳಿಸೋಕೆ ಆಗಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆದಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು

ಮನಸ್ಸಿಗೆ ಆರಾಮ ಬೇಕು ಅಂತ ನಾವು ಹೇಳುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ತಲೆಯೊಳಗಿನ ಗಲಾಟೆ ಸ್ವಲ್ಪ ಹೊತ್ತು ನಿಲ್ಲಲಿ ಅನ್ನುವುದು ಒಂದು. ಆ ಗಲಾಟೆ ಯಾಕೆ, ಅದು ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳುವುದು ಇನ್ನೊಂದು.

ಮೊರದಲ್ಲಿ ಜೋಳ ಹಸನು ಮಾಡುವುದನ್ನು ನೋಡಿದ್ದೀರಲ್ವಾ? ಮೊದಲು ಜೋರಾಗಿ ಕೇರುತ್ತಾರೆ. ಹೊಟ್ಟು, ದೂಳು ಎಲ್ಲ ಹಾರಿ ಹೋಗುತ್ತದೆ. ಆದರೆ ಹರಳು ಹಾರುವುದಿಲ್ಲ. ಅದು ಜೋಳದಷ್ಟೇ ತೂಕದ್ದು, ಜೋಳದ ನಡುವೆಯೇ ಕೂತಿರುತ್ತದೆ. ಅದನ್ನು ತೆಗೆಯಬೇಕಾದರೆ ಮೊರ ಕೆಳಗಿಟ್ಟು, ಕೈಯಾಡಿಸಿ, ಒಂದೊಂದಾಗಿ ಆರಿಸಬೇಕು. ಓಟ ಕೇರುವ ಕೆಲಸ ಮಾಡುತ್ತದೆ. ನಿಧಾನದ ನಡಿಗೆ ಹರಳು ಆರಿಸುವ ಕೆಲಸ ಮಾಡುತ್ತದೆ. ದಿನವಿಡೀ ಯಾರೋ ಬೈದದ್ದು, ಫೋನು, ಬಿಲ್ಲು, ಬಸ್ಸು ಅಂತ ತಲೆ ತುಂಬಿದ್ದರೆ ಓಡಿ. ಒಂದೇ ಸಂಗತಿ ತಿಂಗಳುಗಟ್ಟಲೆ ಒತ್ತುತ್ತಿದ್ದರೆ, ಎಷ್ಟು ಓಡಿದರೂ ಮನೆಗೆ ಬಂದ ತಕ್ಷಣ ಅದು ಬಾಗಿಲಲ್ಲೇ ಕಾಯುತ್ತಿದ್ದರೆ, ನಡೆಯಿರಿ.

ಮೈಗೆ ಏನು ವ್ಯತ್ಯಾಸ

ನಡೆಯುವಾಗ ಒಂದಲ್ಲ ಒಂದು ಪಾದ ಯಾವಾಗಲೂ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಎರಡೂ ಪಾದ ಗಾಳಿಯಲ್ಲಿರುತ್ತವೆ. ಎಲ್ಲ ವ್ಯತ್ಯಾಸವೂ ಇಲ್ಲಿಂದಲೇ ಶುರು. ಗಾಳಿಯಿಂದ ಇಳಿಯುವ ಕಾಲು ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ತಾಳಬೇಕು. 60 ಕೆ.ಜಿ. ತೂಗುವವರಾದರೆ 120ರಿಂದ 180 ಕೆ.ಜಿ. ನಡೆಯುವಾಗ ಈ ಭಾರ ನಮ್ಮ ತೂಕಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಉಸಿರಿನ ಲೆಕ್ಕವೂ ಹಾಗೇ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಓಡುವಾಗ ಅದು 40 ಲೀಟರ್ ದಾಟುತ್ತದೆ. ಜೋರಾಗಿ ಓಡುವವರಿಗೆ ಒಂದು ವಾಕ್ಯ ಪೂರ್ತಿ ಹೇಳಲು ಆಗುವುದಿಲ್ಲ. ನಿಧಾನ ನಡೆಯುವವರು ಹಾಡು ಹೇಳಿಕೊಂಡೇ ಹೋಗಬಹುದು. ನಿಮ್ಮ ನಡಿಗೆ ನಿಜವಾಗಿ ನಿಧಾನವೋ ಅಲ್ಲವೋ ನೋಡಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಯಾವ ಗಡಿಯಾರವೂ ಬೇಡ.

ಒಂದು ವಿಷಯ ಬಿಡಿಸಿ ಹೇಳಬೇಕು. ನಿಧಾನದ ನಡಿಗೆ ಪೂರ್ತಿ ವ್ಯಾಯಾಮ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಿನ ಶ್ರಮ ಬೇಕು ಅನ್ನುತ್ತದೆ. ಬಿರುಸಾಗಿ ನಡೆದರೆ ಮಧ್ಯಮ ಶ್ರಮ. ನಿಮಿಷಕ್ಕೆ 100 ಹೆಜ್ಜೆ ಅಂತ ಒಂದು ಅಂದಾಜು ಇದೆ. ಗಂಟೆಗೆ 3 ಕಿ.ಮೀ. ವೇಗದಲ್ಲಿ ಕೆರೆ ನೋಡುತ್ತಾ ಹೋಗುವ ನಡಿಗೆ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿಯೇ ನಾನು ಓಟವನ್ನು ಪೂರ್ತಿ ಬಿಟ್ಟಿಲ್ಲ. ವಾರಕ್ಕೆ ಎರಡು ಸಲ, ಒಂದೊಂದು ಸಲ 40 ನಿಮಿಷ ಓಡಿದರೆ 80 ನಿಮಿಷ ಆಯಿತು. ಹೃದಯಕ್ಕೆ ಬೇಕಾದದ್ದು ಅಲ್ಲಿ ಮುಗಿಯಿತು. ಉಳಿದ ನಾಲ್ಕು ದಿನದ ನಡಿಗೆಯಿಂದ ನಾನು ತೂಕ, ಕ್ಯಾಲೊರಿ ಏನನ್ನೂ ಕೇಳುವುದಿಲ್ಲ. ಕೇಳಿದರೆ ಅದು ಕೆಡುತ್ತದೆ.

ಮೊಣಕಾಲು ಸವೆಯುತ್ತದೆ ಅನ್ನುವ ಭಯಕ್ಕೆ ಓಟ ಬಿಡಬೇಡಿ. ಮಿತವಾಗಿ ಓಡುವವರ ಮೊಣಕಾಲು ಸುಮ್ನೆ ಕೂರುವವರ ಮೊಣಕಾಲಿಗಿಂತ ಬೇಗ ಸವೆಯುತ್ತದೆ ಅನ್ನುವುದನ್ನು ಅಧ್ಯಯನಗಳು ಒಪ್ಪುವುದಿಲ್ಲ. ನೋವು ಇದ್ದರೆ ಡಾಕ್ಟರಿಗೆ ತೋರಿಸಿ. ಮನಸ್ಸಿನ ಕಾರಣಕ್ಕೆ ಬದಲಾಯಿಸುವುದಾದರೆ ಮನಸ್ಸಿನ ಕಾರಣಕ್ಕೇ ಬದಲಾಯಿಸಿ.

ಮನಸ್ಸಿಗೆ ಏನು ವ್ಯತ್ಯಾಸ

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಹೇಳದೆ ಹೋದರೆ ಉಳಿದದ್ದಕ್ಕೆ ಅರ್ಥ ಬರುವುದಿಲ್ಲ.

ಅವ್ವ ತೀರಿಕೊಂಡಾಗ ನಾನು ಐದು ದಿನ ಮಾತ್ರ ಓಟ ತಪ್ಪಿಸಿದೆ. ಆರನೇ ದಿನ ಮತ್ತೆ ಕ್ರೀಡಾಂಗಣಕ್ಕೆ ಹೋದೆ. ಮುಂದಿನ ಎರಡು ವರ್ಷ ಮುಂಚಿಗಿಂತ ಜಾಸ್ತಿ ಓಡಿದೆ. 5 ಕಿ.ಮೀ. ಇದ್ದದ್ದು 8 ಆಯಿತು, ಆಮೇಲೆ 10. ಎಲ್ಲರೂ "ಗಟ್ಟಿಗಿತ್ತಿ ಅದೀರಿ" ಅಂದರು. ನಾನೂ ಹಾಗೇ ಅಂದುಕೊಂಡೆ. ಓಡಿ ಬಂದ ಮೇಲೆ ಒಂದೆರಡು ಗಂಟೆ ಎಲ್ಲ ಹಗುರ ಅನ್ನಿಸುತ್ತಿತ್ತು. ಆ ಹಗುರ ಸುಳ್ಳಲ್ಲ. ಓಡುವಾಗ ಮೈಯಲ್ಲಿ ನೋವು ಮರೆಸುವ, ಮನಸ್ಸು ತಿಳಿಯಾಗಿಸುವ ರಾಸಾಯನಿಕಗಳು ಹೆಚ್ಚುತ್ತವೆ. ಆದರೆ ಅವ್ವನ ಟ್ರಂಕು ಎರಡು ವರ್ಷ ಅಟ್ಟದ ಮೇಲೇ ಇತ್ತು. ಒಮ್ಮೆಯೂ ಇಳಿಸಿ ನೋಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹಿಮ್ಮಡಿ ನೋವು ಬಂತು. ಡಾಕ್ಟರು ಆರು ವಾರ ಓಟ ಬೇಡ ಅಂದರು, ನಿಧಾನ ನಡೆದರೆ ಅಡ್ಡಿಯಿಲ್ಲ ಅಂದರು. ಮನೆಯಲ್ಲಿ ಕೂರಲು ಆಗದೆ ಗವಿಮಠದ ಕೆರೆಯ ಕಡೆ ನಡೆಯಲು ಹೋದೆ. ಮೊದಲ ವಾರ ಬರೀ ಸಿಟ್ಟು. ಇಷ್ಟು ನಿಧಾನಕ್ಕೆ ಯಾರು ನಡೀತಾರೆ ಅಂತ. ಎರಡನೇ ವಾರದ ಒಂದು ದಿನ, ಕೆರೆ ಏರಿಯ ಮೇಲೆ ಹೋಗುವಾಗ, ಏನೂ ಕಾರಣವಿಲ್ಲದೆ ಅವ್ವನ ಒಂದು ಮಾತು ನೆನಪಾಯಿತು. ತೀರಿಕೊಳ್ಳುವ ಮುಂಚಿನ ವಾರ ನಾನು ಊರಿಗೆ ಹೋಗಿದ್ದೆ. ರಾತ್ರಿ ಎಂಟಕ್ಕೆ ಹೊರಟು ನಿಂತಾಗ ಅವ್ವ ಅಂದಿದ್ದಳು: "ಇನ್ನೊಂದಿಷ್ಟು ಕೂಡವ್ವ." ನಾನು ಕೂಡಲಿಲ್ಲ. ಬೇಗ ಮಲಗಬೇಕಿತ್ತು. ಬೆಳಗ್ಗೆ ಓಡುವುದಿತ್ತು.

ಎರಡು ವರ್ಷ ನಾನು ಯಾವುದರಿಂದ ಓಡುತ್ತಿದ್ದೆ ಅಂತ ಅವತ್ತು ಗೊತ್ತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅದು ಆರಾಮ ಆಗಿರಲಿಲ್ಲ. ಆರಾಮ ಬಂದದ್ದು ಎಷ್ಟೋ ದಿನದ ಮೇಲೆ. ಹಾಗಾಗಿ ಯಾರಾದರೂ "ನಡೆದರೆ ನೆಮ್ಮದಿ ಸಿಗುತ್ತಾ" ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಮುಚ್ಚಿಟ್ಟದ್ದು ಮೊದಲು ಮೇಲೆ ಬರುತ್ತದೆ. ಓಟದ ಹಗುರ ಅದೇ ದಿನ ಸಿಗುತ್ತದೆ, ಅದೇ ದಿನ ಖರ್ಚಾಗುತ್ತದೆ. ನಡಿಗೆಯದು ತಡವಾಗಿ ಬರುತ್ತದೆ, ಬಂದದ್ದು ಉಳಿಯುತ್ತದೆ.

ಇದರ ಬಗ್ಗೆ ಅಧ್ಯಯನಗಳೂ ಆಗಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕೂತವರಿಗಿಂತ ನಡೆದವರಿಗೆ ಹೊಸ ಯೋಚನೆಗಳು ಜಾಸ್ತಿ ಹೊಳೆದವು. ಟ್ರೆಡ್‌ಮಿಲ್ ಮೇಲೆ ಖಾಲಿ ಗೋಡೆ ನೋಡುತ್ತಾ ನಡೆದವರಿಗೂ ಹೊಳೆದವು. ಆದರೆ ಒಂದೇ ಸರಿ ಉತ್ತರ ಇರುವ ಪ್ರಶ್ನೆಗಳಿಗೆ ನಡಿಗೆಯಿಂದ ಲಾಭ ಆಗಲಿಲ್ಲ. ನನ್ನ ಅನುಭವವೂ ಹೀಗೇ. ಸಾಲದ ಕಂತಿನ ಲೆಕ್ಕ ನಡೆಯುತ್ತಾ ಬಿಡಿಸಲು ಹೋಗಬೇಡಿ, ಅದಕ್ಕೆ ಕೂತು ಪೆನ್ನು ಹಿಡಿಯಬೇಕು. ಸಾಲ ಯಾಕೆ ಮಾಡಿದೆ ಅನ್ನುವುದನ್ನು ಯೋಚಿಸಲು ನಡಿಗೆ ಸರಿ.

ಅದೇ ವಿಶ್ವವಿದ್ಯಾಲಯದ 2015ರ ಇನ್ನೊಂದು ಅಧ್ಯಯನದಲ್ಲಿ ಕೆಲವರನ್ನು ಹುಲ್ಲು, ಮರಗಳ ನಡುವೆ 90 ನಿಮಿಷ ನಡೆಸಿದರು. ಇನ್ನು ಕೆಲವರನ್ನು ವಾಹನ ತುಂಬಿದ ರಸ್ತೆಯ ಪಕ್ಕ ಅಷ್ಟೇ ಹೊತ್ತು ನಡೆಸಿದರು. ಮರಗಳ ನಡುವೆ ನಡೆದವರಲ್ಲಿ ತಮ್ಮ ಬಗ್ಗೆಯೇ ಕೆಟ್ಟದ್ದನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಕಡಿಮೆ ಆಯಿತು. ರಸ್ತೆ ಪಕ್ಕ ನಡೆದವರಲ್ಲಿ ಆಗಲಿಲ್ಲ. ಇದರಿಂದ ನಾನು ತಿಳಿದದ್ದು ಇಷ್ಟು: ಮನಸ್ಸಿನ ಮಟ್ಟಿಗೆ ಓಟಕ್ಕೆ ದಾರಿ ಯಾವುದಾದರೂ ನಡೆದೀತು, ನಿಧಾನದ ನಡಿಗೆಗೆ ಮಾತ್ರ ದಾರಿಯೇ ಅರ್ಧ ಕೆಲಸ ಮಾಡುತ್ತದೆ.

ಕೊಪ್ಪಳದಲ್ಲಿ ಯಾವ ದಾರಿ ಯಾವುದಕ್ಕೆ

ಕ್ರೀಡಾಂಗಣ ಓಟಕ್ಕೆ ಒಳ್ಳೆಯದು. ಸುತ್ತು ಹಾಕುವಾಗ ಎಲ್ಲಿ ತಿರುಗಬೇಕು ಅಂತ ಯೋಚಿಸಬೇಕಿಲ್ಲ. ನಿಧಾನದ ನಡಿಗೆಗೆ ಅದು ಸರಿಯಲ್ಲ. ಪಕ್ಕದಲ್ಲಿ ಯಾರಾದರೂ ದಾಟಿಕೊಂಡು ಹೋದರೆ ನಮ್ಮ ಕಾಲು ತಾನಾಗಿಯೇ ಬಿರುಸಾಗುತ್ತದೆ. ಎಷ್ಟು ಸಲ ನೋಡಿದ್ದೇನೆ.

ಹೊಸಪೇಟೆ ಕಡೆಯ ಹೆದ್ದಾರಿ, ಗಿಣಿಗೇರಿ ಸುತ್ತಲಿನ ಲಾರಿ ರಸ್ತೆಗಳು ಎರಡಕ್ಕೂ ಬೇಡ. ಓಡುವವರಿಗಂತೂ ಬೇಡವೇ ಬೇಡ. ಐದಾರು ಪಟ್ಟು ಗಾಳಿ ಎಳೆದುಕೊಳ್ಳುವಾಗ ದೂಳು, ಹೊಗೆಯೂ ಅಷ್ಟೇ ಒಳಗೆ ಹೋಗುತ್ತದೆ.

ನಿಧಾನದ ನಡಿಗೆಗೆ ನನ್ನ ಮೊದಲ ಆಯ್ಕೆ ಗವಿಮಠದ ಗುಡ್ಡ, ಅದರ ಬುಡದ ಕೆರೆ. ಅಮಾವಾಸ್ಯೆಗೆ ಮತ್ತು ಜನವರಿಯ ಜಾತ್ರೆಯ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಳಿದ ದಿನ ಬೆಳಗ್ಗೆ ಪ್ರಶಾಂತವಾಗಿರುತ್ತದೆ. ಈ ಜಾಗ ಆರಿಸಲು ನನಗೆ ಇನ್ನೊಂದು ಕಾರಣ ಇದೆ. ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಬೆಳಕಿಗೆ ಬಂದದ್ದು 1931ರಲ್ಲಿ, ಬರೆಸಿದ್ದು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ. ಪಾಠ ಪುಸ್ತಕದಲ್ಲಿ ಓದಿಸುವಾಗ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ ಅಂತ ಹೇಳಿ ಮುಗಿಸುತ್ತಿದ್ದೆ. ಅದರಲ್ಲಿ ಏನಿದೆ ಅಂತ ಸರಿಯಾಗಿ ಗಮನಿಸಿದ್ದು ನಡೆಯಲು ಶುರು ಮಾಡಿದ ಮೇಲೆ. ಅಶೋಕ ಅಲ್ಲಿ ತನ್ನ ಗೆಲುವು ಹೇಳಿಕೊಂಡಿಲ್ಲ. ತಾನು ಎರಡೂವರೆ ವರ್ಷಕ್ಕೂ ಮೇಲೆ ಬುದ್ಧನ ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಮನಸ್ಸಿಟ್ಟು ಪ್ರಯತ್ನ ಮಾಡಲಿಲ್ಲ ಅಂತ ಹೇಳಿಕೊಂಡಿದ್ದಾನೆ. ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಪ್ರಯತ್ನ ಹೆಚ್ಚಿಸಿದೆ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲೇರಬಹುದು ಅಂತ ಮುಂದುವರಿಸಿದ್ದಾನೆ. ಅಷ್ಟು ದೊಡ್ಡ ರಾಜ ತನ್ನ ಕೊರತೆಯನ್ನು ಕಲ್ಲಿನ ಮೇಲೆ ಕೊರೆಸಿ, ಎಲ್ಲರೂ ಓದಲಿ ಅಂತ ಬಿಟ್ಟಿದ್ದಾನೆ. ಅವ್ವನ ಹತ್ತಿರ ಕೂಡಲಿಲ್ಲ ಅನ್ನುವ ನನ್ನ ಮಾತನ್ನು ತಮ್ಮನಿಗೆ ಫೋನ್ ಮಾಡಿ ಹೇಳಲು ಧೈರ್ಯ ಬಂದದ್ದು ಆ ಬಂಡೆಯ ಹತ್ತಿರವೇ.

ಪಾಲ್ಕಿಗುಂಡು ಇನ್ನೊಂದು ಜಾಗ. ದೊಡ್ಡ ಗುಂಡುಗಳ ಮೇಲೆ ಚಪ್ಪಡಿ ಬಂಡೆ, ದೂರದಿಂದ ಪಲ್ಲಕ್ಕಿಯ ಹಾಗೆ ಕಾಣುತ್ತದೆ. ಅಲ್ಲೂ ಅಶೋಕನ ಶಾಸನ ಇದೆ. ಆ ಗುಡ್ಡದ ಮೇಲೆ ಬಂಡೆಯಲ್ಲಿ ಕೊರೆದ ಒಂದು ಜೊತೆ ಪಾದಗಳೂ ಇವೆ. ಜೈನ ಮುನಿ, ಕವಿ ಜಟಾಸಿಂಹನಂದಿಯ ಪಾದಗಳು ಅವು. ಚಾವಯ್ಯ ಅನ್ನುವವರು ಮಾಡಿಸಿದ್ದು ಅಂತ ಪಕ್ಕದಲ್ಲೇ ಹಳಗನ್ನಡದಲ್ಲಿ ಬರೆದಿದೆ. ಕೊಪಣ ಅಂತ ಹೆಸರಿದ್ದ ಕಾಲದಲ್ಲಿ ನಮ್ಮ ಊರು ಜೈನರ ದೊಡ್ಡ ತೀರ್ಥ. ಜೈನ ಮುನಿಗಳಿಗೆ ನಡಿಗೆಗೂ ಒಂದು ನಿಯಮ ಇದೆ, ಈರ್ಯಾ ಸಮಿತಿ ಅನ್ನುತ್ತಾರೆ. ಮುಂದಿನ ನೆಲವನ್ನು ಒಂದು ನೊಗದ ಉದ್ದದಷ್ಟು ನೋಡಿಕೊಂಡು, ಇರುವೆಗೂ ಪೆಟ್ಟಾಗದ ಹಾಗೆ ಹೆಜ್ಜೆ ಇಡಬೇಕು. ನಿಧಾನ ನಡೆಯುವುದು ಹೇಗೆ ಅಂತ ಗೊತ್ತಾಗದವರಿಗೆ ನಾನು ಇದನ್ನೇ ಹೇಳುತ್ತೇನೆ. ನೊಗದಷ್ಟು ದೂರ ನೆಲ ನೋಡಿ. ಹೆಜ್ಜೆ ತಾನೇ ಸಣ್ಣದಾಗುತ್ತದೆ, ಕಣ್ಣು ಅಂಗಡಿ ಬೋರ್ಡು ಓದುವುದು ಬಿಡುತ್ತದೆ.

ಕೋಟೆ ಬೆಟ್ಟ ಬೇರೆ ಥರದ್ದು. ಟಿಪ್ಪು ಸುಲ್ತಾನ 1786ರಲ್ಲಿ ವಶಕ್ಕೆ ತೆಗೆದುಕೊಂಡು ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ ಕೋಟೆ ಇದು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ಎದುರು ಹೋರಾಡಿ ಮಡಿದದ್ದೂ ಇಲ್ಲೇ. ಮೆಟ್ಟಿಲು ಏರುಪೇರು. ಓಡಲು ಆಗುವುದಿಲ್ಲ, ಬೇಕೆಂದರೂ ಬಿರುಸಾಗಿ ಹತ್ತಲು ಆಗುವುದಿಲ್ಲ. ಕಾಲು ಎಲ್ಲಿಡಬೇಕು ಅಂತ ನೋಡುವುದರಲ್ಲೇ ಗಮನ ಹೋಗುತ್ತದೆ. ಯೋಚನೆ ಮಾಡಲು ಹತ್ತುವಾಗ ಅಲ್ಲ, ಮೇಲೆ ಕೂತಾಗ ಸರಿ. ಇನ್ನೊಂದು ಮಾತು: ಚಿರತೆ, ಕರಡಿ ಓಡಾಡುವ ಸೀಮೆ ನಮ್ಮದು. ಯಾವ ಗುಡ್ಡವಾದರೂ ಕತ್ತಲಿರುವಾಗ ಒಬ್ಬರೇ ಹೋಗಬೇಡಿ.

ಊರ ಹೊರಗಿನ ಹೊಲದ ದಾರಿಗಳಿಗೆ ಬಂದರೆ, ಮಣ್ಣು ನೋಡಿ ಆರಿಸಬೇಕು. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದ ದಾರಿ ಗಟ್ಟಿ, ಮಳೆ ಬಂದರೂ ಬೇಗ ಆರುತ್ತದೆ. ಓಟಕ್ಕೂ ನಡಿಗೆಗೂ ಆಗುತ್ತದೆ. ಎರೆ, ಅಂದರೆ ಕಪ್ಪು ಮಣ್ಣಿನ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಓಡಿದರೆ ಕಾಲು ಹೊರಳುವುದು ಖಂಡಿತ. ಮಳೆಗಾಲದಲ್ಲಿ ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಸೇರಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ. ಆದರೆ ಚಳಿಗಾಲದಲ್ಲಿ, ಬಿಳಿಜೋಳ ಎದೆಮಟ್ಟ ಬಂದಾಗ, ಎರೆ ಹೊಲದ ಬದುವಿನ ಮೇಲೆ ನಡೆಯುವ ಸುಖ ಬೇರೆ ಎಲ್ಲೂ ಇಲ್ಲ. ತೆನೆಗೆ ಬರುವ ಗುಬ್ಬಿ ಓಡಿಸುವವರ ಕೂಗು, ದೂರದಲ್ಲಿ ಟಿಟ್ಟಿಭ ಹಕ್ಕಿ, ಇಷ್ಟೇ ಸದ್ದು.

ರಜೆ ಇದ್ದರೆ ದೂರವೂ ಹೋಗಬಹುದು. ಇಟಗಿಯ ಮಹಾದೇವ ದೇವಾಲಯ 1112ರದು, ಅದರ ಸುತ್ತ ನಿಧಾನವಾಗಿ ಎರಡು ಸಲ ಬಂದರೆ ಎರಡೂ ಸಲ ಬೇರೆ ಬೇರೆ ಕೆತ್ತನೆ ಕಾಣುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಒಳ್ಳೆಯ ಶ್ರಮ, ಅದನ್ನು ಓಟದ ದಿನದ ಲೆಕ್ಕಕ್ಕೆ ಹಾಕಿ.

ಬಿರುಸು ನಡಿಗೆ ಎಲ್ಲಿ ಬರುತ್ತದೆ

ಓಟವೂ ಬೇಡ, ಇಷ್ಟು ನಿಧಾನವೂ ಬೇಡ, ನಡುವಿನದ್ದು ಮಾಡಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ, ಹೊಸದಾಗಿ ಶುರು ಮಾಡುವವರಿಗೆ ಅದೇ ಒಳ್ಳೆಯದು. ಊಟವಾದ ಮೇಲೆ 10-15 ನಿಮಿಷ ನಡೆದರೆ ರಕ್ತದಲ್ಲಿ ಸಕ್ಕರೆ ಏರುವುದು ಕಡಿಮೆ ಆಗುತ್ತದೆ, ಅದಕ್ಕೆ ಬಿರುಸೂ ಬೇಕಿಲ್ಲ. ಆದರೆ ಮನಸ್ಸಿನ ಮಾತಿಗೆ ಬಂದರೆ ಬಿರುಸು ನಡಿಗೆ ನನಗೆ ಎರಡನ್ನೂ ಅರ್ಧರ್ಧ ಕೊಟ್ಟಿತು. ಓಟದಷ್ಟು ತಲೆ ಖಾಲಿ ಆಗಲಿಲ್ಲ, ನಿಧಾನದಷ್ಟು ತೆರೆದುಕೊಳ್ಳಲೂ ಇಲ್ಲ. ಜೊತೆಗಾರರಿದ್ದರೆ ಮಾತ್ರ ಅದು ಚೆಂದ, ಮಾತಾಡುತ್ತಾ ಸಾಗುತ್ತದೆ.

ಹೆಂಗಸರಿಗೆ ಒಂದು ಮಾತು

ಇದನ್ನು ಯಾರೂ ಬರೆಯುವುದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಬೂಟು ಹಾಕಿಕೊಂಡು ಓಡುವ ಹೆಂಗಸಿಗೆ ಒಂದು ಕಾರಣ ಇರುತ್ತದೆ. ನೋಡುವವರು "ವ್ಯಾಯಾಮ ಮಾಡ್ತಾರ" ಅಂತ ಬಿಡುತ್ತಾರೆ. ಜೋಡಿಯಾಗಿ, ಗುಂಪಾಗಿ ನಡೆಯುವವರಿಗೂ ತೊಂದರೆ ಇಲ್ಲ. ಒಬ್ಬಳೇ, ನಿಧಾನಕ್ಕೆ, ಎಲ್ಲಿಗೂ ಹೋಗದೆ ನಡೆಯುವ ಹೆಂಗಸನ್ನು ಮಾತ್ರ ಎಲ್ಲರೂ ನಿಲ್ಲಿಸಿ ಕೇಳುತ್ತಾರೆ. "ಯಾಕ್ರಿ ಅಕ್ಕೋರ, ಒಬ್ರ ಬಂದೀರಿ? ಕಾಲು ನೋವೇನ್ರಿ? ಮನ್ಯಾಗ ಎಲ್ಲ ಆರಾಮ ಅದಾರಲ್ರಿ?" ಕಾಳಜಿಯಿಂದಲೇ ಕೇಳುತ್ತಾರೆ, ಬೇಸರ ಇಲ್ಲ. ಆದರೆ ಮೂರು ಜನ ಕೇಳಿದರೆ ಅವತ್ತಿನ ನಡಿಗೆ ಮುಗಿಯಿತು.

ನಾನು ಕಂಡುಕೊಂಡ ದಾರಿ ಎರಡು. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೋಗುವುದು ಒಂದು. ಮೂರು ವಾರದಲ್ಲಿ ಹೂ ಮಾರುವವರು, ಚಹಾದ ಅಂಗಡಿಯವರು ಎಲ್ಲರಿಗೂ ರೂಢಿಯಾಗುತ್ತದೆ. ಆಮೇಲೆ ಅವರೇ ನಮಗೆ ಕಾವಲು. ಇನ್ನೊಂದು, ಒಬ್ಬ ಗೆಳತಿಯ ಜೊತೆ ಹೊರಟು ಐವತ್ತು ಹೆಜ್ಜೆ ಹಿಂದೆ ಮುಂದೆ ನಡೆಯುವುದು, ಮಾತು ಕೊನೆಗೆ. ಕಣ್ಣಳತೆಯಲ್ಲಿ ಇರುತ್ತೇವೆ, ಆದರೂ ಒಬ್ಬೊಬ್ಬರೇ.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಅವ್ವ ಹರಕೆ ಹೊತ್ತು ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ನಡೆದು ಹೋಗುತ್ತಿದ್ದಳು. ಓಣಿಯ ಏಳೆಂಟು ಹೆಂಗಸರು, ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಮೊದಲರ್ಧ ಹಾಡು, ಮಾತು. ಆಮೇಲೆ ಎಲ್ಲರೂ ತಮ್ಮಷ್ಟಕ್ಕೆ ಸುಮ್ಮನಾಗುತ್ತಿದ್ದರಂತೆ. "ಅರ್ಧ ದಾರಿ ಆದ ಮ್ಯಾಲ ಯಾರೂ ಮಾತಾಡಂಗಿಲ್ಲ ನೋಡು, ಎಲ್ಲಾರೂ ತಮ್ಮ ತಮ್ಮ ಮನೀ ಚಿಂತಿ ತಾಯಿ ಮುಂದ ಒಪ್ಪಸ್ತಿರ್ತಾರ" ಅನ್ನುತ್ತಿದ್ದಳು.

ಹೊತ್ತು ಮತ್ತು ಕಾಲ

ಮಾರ್ಚ್‌ನಿಂದ ಮೇ ತನಕ ಓಡುವುದಾದರೆ ಬೆಳಗ್ಗೆ ಆರೂವರೆಯೊಳಗೆ ಮುಗಿಸಿ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯ ಮುಕ್ಕಾಲು ಭಾಗ ಕಾವಾಗಿಯೇ ಹೊರಗೆ ಬರುತ್ತದೆ, ಹೊರಗಿನ ಕಾವು ಅದರ ಮೇಲೆ ಸೇರುತ್ತದೆ. ಸಂಜೆ ತಂಪಾಯಿತು ಅಂತ ಮೋಸ ಹೋಗಬೇಡಿ. ಸುತ್ತಲಿನ ಕಲ್ಲುಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ತನಕ ಬಿಡುತ್ತಿರುತ್ತದೆ. ನಿಧಾನದ ನಡಿಗೆಗೆ ಈ ಕಾಲದಲ್ಲೂ ಬೆಳಗಿನ ಹೊತ್ತೇ ಒಳ್ಳೆಯದು, ಆದರೆ ರಾತ್ರಿ ಊಟದ ಮೇಲೆ ಓಣಿಯಲ್ಲಿ ನಡೆದರೂ ಆಗುತ್ತದೆ. ನವೆಂಬರ್‌ನಿಂದ ಜನವರಿ ತನಕ ಎರಡಕ್ಕೂ ಸುಗ್ಗಿ.

ಬದಲಾಯಿಸುವುದು ಹೇಗೆ

ಒಮ್ಮೆಗೇ ಬಿಡಬೇಡಿ. ಓಟಕ್ಕೆ ಒಗ್ಗಿದ ಮೈ ದಿಢೀರನೆ ಸುಮ್ಮನಾದರೆ ನಿದ್ದೆ ಕೆಡುತ್ತದೆ, ಸಿಡುಕು ಬರುತ್ತದೆ. ಮೊದಲ ತಿಂಗಳು ವಾರದ ಎರಡು ಓಟದ ಜಾಗದಲ್ಲಿ ನಡಿಗೆ ಇಡಿ. ಓಟಕ್ಕೆ ಎಷ್ಟು ಹೊತ್ತು ಕೊಡುತ್ತಿದ್ದಿರೋ ಅಷ್ಟೇ ಹೊತ್ತು ಕೊಡಿ. ದೂರ ಅಳೆಯಬೇಡಿ. ಓಟದ ಆ್ಯಪ್ ತೆರೆದರೆ ಅದು ನಿಮ್ಮನ್ನು ನಿಧಾನ ಆದಿರಿ ಅಂತ ತೋರಿಸುತ್ತದೆ, ನೀವು ವೇಗ ಹೆಚ್ಚಿಸುತ್ತೀರಿ. ಫೋನು ಜೊತೆಗಿರಲಿ, ಸದ್ದು ನಿಲ್ಲಿಸಿ ಒಳಗಿಡಿ. ಓಡುವಾಗ ಹಾಡು ಕೇಳಿದರೆ ತಪ್ಪಿಲ್ಲ. ನಡೆಯುವಾಗ ಬೇಡ.

ಬೂಟಿನ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಓಟಕ್ಕೆ ಒಳ್ಳೆಯ ಬೂಟು ಬೇಕು, ನಡಿಗೆಗೆ ಕಾಲಿಗೆ ಸರಿಹೊಂದುವ ಯಾವುದಾದರೂ ಸಾಕು. ಸಕ್ಕರೆ ಕಾಯಿಲೆ ಇರುವವರು ಮಾತ್ರ ಬರಿಗಾಲಲ್ಲಿ ಹೋಗಬೇಡಿ. ಚುಚ್ಚಿದ್ದು ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ.

ಮನೆ ಬಿಡುವಾಗ ಒಂದು ಪ್ರಶ್ನೆ ಹಿಡಿದುಕೊಂಡು ಹೊರಡಿ. ಸಣ್ಣದಿರಲಿ. "ನಿನ್ನೆ ಮಗಳ ಮೇಲೆ ಯಾಕೆ ರೇಗಿದೆ?" ಇಂಥದ್ದು. ಉತ್ತರ ಹುಡುಕಲು ಹೋಗಬೇಡಿ. ಪ್ರಶ್ನೆ ಜೊತೆಗಿದ್ದರೆ ಸಾಕು. ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ನನ್ನ ನೋಟ್‌ಬುಕ್ಕಿನ ಎಷ್ಟೋ ಪುಟಗಳಲ್ಲಿ ಇರುವುದು "ಇವತ್ತು ಏನೂ ಇಲ್ಲ. ಕೆರೆಯಲ್ಲಿ ಕೊಕ್ಕರೆ ಇತ್ತು" ಅಂತ. ಅಂಥ ದಿನಗಳೂ ಬೇಕು.

ಯಾರಿಗೆ ನಿಧಾನದ ನಡಿಗೆ ಸರಿಹೋಗಲಿಕ್ಕಿಲ್ಲ ಅನ್ನುವುದನ್ನೂ ಹೇಳಬೇಕು. ನಡೆದಷ್ಟೂ ಅದೇ ಕಹಿ ಯೋಚನೆ ಸುತ್ತುತ್ತಿದ್ದರೆ, ಮೂರು ನಾಲ್ಕು ವಾರವಾದರೂ ಮನಸ್ಸು ಇನ್ನೂ ಕೆಳಕ್ಕೆ ಹೋಗುತ್ತಿದ್ದರೆ, ನಡಿಗೆ ನಿಲ್ಲಿಸಿ. ಅಂಥ ಹೊತ್ತಿನಲ್ಲಿ ಓಟ, ಆಟ, ನಾಲ್ಕು ಜನರ ಜೊತೆ ಬಿರುಸು ನಡಿಗೆ ಎಷ್ಟೋ ಮೇಲು. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಬಂದರೆ ಯಾವ ನಡಿಗೆಯನ್ನೂ ನೆಚ್ಚಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಮುಗಿದ ಮೇಲೆ

ಓಟ ಮುಗಿದ ತಕ್ಷಣ ಕೂರಬಾರದು. ಐದು ನಿಮಿಷ ಸುಮ್ನೆ ನಡೆದಾಡಿ, ಎದೆಬಡಿತ ಇಳಿದ ಮೇಲೆ ನೀರು ಕುಡಿಯಬೇಕು. ನಿಧಾನದ ನಡಿಗೆ ಮುಗಿದ ಮೇಲೆ ಕೂರಬೇಕು. ನಡೆಯುವಾಗ ಅರ್ಧಕ್ಕೆ ಬಂದು ನಿಂತ ಮಾತು ಎಷ್ಟೋ ಸಲ ಪೂರ್ತಿಯಾಗುವುದು ಕೂತ ಮೇಲೆ. ನೇರವಾಗಿ ಮನೆಗೆ ಬಂದು ಒಲೆ ಹಚ್ಚಿದರೆ ಅದು ಹಾಗೇ ಉಳಿದುಬಿಡುತ್ತದೆ.

ನಾನು ಕೆರೆಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂಡುತ್ತೇನೆ. ಕಾಲು ಹೊರಡೋಣ ಅನ್ನುತ್ತದೆ, ಗಂಟೆ ಏಳು ಹತ್ತಿರ ಆಗಿರುತ್ತದೆ. ಆಗ ಇನ್ನೊಂದಿಷ್ಟು ಕೂಡುತ್ತೇನೆ.